ಹಿಂದಿನ ಸಾಲಿಗೆ ಕೇಳಿಸಬೇಕು

ಕಳೆದ ತಿಂಗಳು ತಂಗಿಯ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಎಂಟನೆಯ ತರಗತಿಯ ಹುಡುಗಿ, ನಾಟಕದಲ್ಲಿ ರಾಣಿ. ಬಾಡಿಗೆಗೆ ತಂದ ಜರಿಯ ಉಡುಪು, ಹಿಂದೆ ಎಲ್‌ಇಡಿ ಪರದೆಯ ಮೇಲೆ ಅರಮನೆ. ರಾಣಿ ಬಾಯಿ ತೆರೆದಳು. ಧ್ವನಿವರ್ಧಕದಿಂದ ಬಂದದ್ದು ಮೂವತ್ತು ದಾಟಿದ ಯಾರೋ ಹೆಂಗಸಿನ ದನಿ. ಮಾತುಗಳನ್ನೆಲ್ಲ ಸ್ಟುಡಿಯೋದಲ್ಲಿ ಮುದ್ರಿಸಿ ತಂದಿದ್ದರು. ಮಕ್ಕಳ ಪಾಲಿಗೆ ಉಳಿದದ್ದು ತುಟಿ ಆಡಿಸುವುದು, ಕೈ ಬೀಸುವುದು.

ಎರಡನೆಯ ದೃಶ್ಯದ ನಡುವೆ ಆ ದನಿ ನಿಂತುಹೋಯಿತು. ರಾಣಿ ಎತ್ತಿದ ಕೈ ಇಳಿಸಲಿಲ್ಲ. ಮಂತ್ರಿ, ಸೇನಾಪತಿ, ಚಾಮರದವರು ಎಲ್ಲರೂ ಧ್ವನಿಪೆಟ್ಟಿಗೆಯ ಕಡೆ ನೋಡುತ್ತಾ ನಿಂತರು. ಮುಂದಿನ ಮಾತನ್ನು ತಾವೇ ಆಡಿಬಿಡಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಆ ಮಾತು ಒಂದು ದಿನವೂ ಅವರ ಗಂಟಲಿನಿಂದ ಹೊರಟಿರಲಿಲ್ಲ. ನನ್ನ ಮಡಿಲಲ್ಲಿದ್ದ ಕಾರ್ಯಕ್ರಮದ ಹಾಳೆಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ರಂಗತರಬೇತಿಯಿಂದ ಆತ್ಮವಿಶ್ವಾಸ, ಸಂವಹನ ಕೌಶಲ!

ನಾನು ಸಾಗರ ತಾಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುವವಳು. ವರ್ಷಕ್ಕೊಂದು ನಾಟಕ ಮಾಡಿಸುತ್ತೇನೆ. ಹೆಗ್ಗೋಡು ನಮ್ಮ ತಾಲೂಕಿನಲ್ಲೇ ಇರುವುದರಿಂದ ನಾಟಕದ ಹುಚ್ಚಿಗೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. 1985ರಲ್ಲಿ ಆರಂಭವಾದ ಅವರ ತಿರುಗಾಟದ ನಾಟಕಗಳನ್ನು ನೋಡುತ್ತಲೇ ನಾನು ಬೆಳೆದೆ. ಹಾಗಿದ್ದೂ ನಮ್ಮ ಶಾಲೆಯಲ್ಲಿ ತಾಲೀಮಿಗೆ ಸಿಗುವ ಸಮಯವೆಂದರೆ ಕೊನೆಯ ಗಂಟೆ ಬಾರಿಸಿದ ಮೇಲೆ ಬಸ್ ಬರುವವರೆಗಿನ ಮುಕ್ಕಾಲು ಗಂಟೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ಚಿತ್ರಕಲೆಯ ಸಾಲಿನಲ್ಲೇ ರಂಗಕಲೆಯನ್ನೂ ಕೂರಿಸಿತು. ನಮ್ಮ ವೇಳಾಪಟ್ಟಿಯಲ್ಲಿ ಇವಕ್ಕೆಲ್ಲ ಸೇರಿ ಇರುವ ಒಂದು ಪಿರಿಯಡ್ಡನ್ನು ದೀಪಾವಳಿ ಕಳೆದೊಡನೆ ಗಣಿತದ ಮೇಷ್ಟ್ರು ಎತ್ತಿಕೊಂಡು ಹೋಗುತ್ತಾರೆ. ಅವರನ್ನು ಬೈಯಲಾರೆ, ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಉತ್ತರ ಹೇಳಬೇಕಾದವರು ಅವರು.

ಒಂದು ವರ್ಷ ಕುವೆಂಪು ಅವರ ಕಿಂದರಿಜೋಗಿಯನ್ನು ಎತ್ತಿಕೊಂಡೆವು. ಅದರಲ್ಲಿ ಇಲಿಗಳಾಗಿ ಎಷ್ಟು ಮಕ್ಕಳನ್ನು ಬೇಕಾದರೂ ತುಂಬಿಸಬಹುದು, ಮೇಷ್ಟ್ರುಗಳಿಗೆ ಇದಕ್ಕಿಂತ ಅನುಕೂಲದ ನಾಟಕವಿಲ್ಲ. ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗೌಡನ ಮಂಚದ ಕೆಳಗಿನ ಇಲಿಯಾದಳು. ಮಾತಿಲ್ಲ, ಬರೀ ಕಿಚಕಿಚ. ಮೂರು ವಾರ ಅಲ್ಲೇ ಮುದುಡಿ ಕುಳಿತು ಎಲ್ಲರ ಮಾತುಗಳೂ ಅವಳಿಗೆ ಬಾಯಿಪಾಠವಾದವು. ಗೌಡನ ಪಾತ್ರದ ಹುಡುಗ ತಡವರಿಸಿದಾಗೆಲ್ಲ ಮಂಚದ ಕೆಳಗಿನಿಂದ ಪಿಸುದನಿಯಲ್ಲಿ ಮಾತು ಎತ್ತಿಕೊಡತೊಡಗಿದಳು. ಸಿನಿಮಾದಲ್ಲಾಗಿದ್ದರೆ ಗೌಡನಿಗೆ ಜ್ವರ ಬಂದು ಕೊನೆಯ ಗಳಿಗೆಯಲ್ಲಿ ಇವಳೇ ಗೌಡನಾಗುತ್ತಿದ್ದಳು. ಹಾಗೇನೂ ಆಗಲಿಲ್ಲ, ಇಲಿಯಾಗಿಯೇ ಹೊಳೆಗೆ ಬಿದ್ದಳು. ಆದರೆ ಮುಂದಿನ ವಾರ ಪ್ರಾರ್ಥನೆ ಮುಗಿದ ಮೇಲೆ ನನ್ನ ಬಳಿ ಬಂದು, "ಮೇಡಂ, ಹೆಡ್‌ಮಾಸ್ಟರ್ ಹೇಳುವುದು ಹಿಂದಿನ ಸಾಲಿಗೆ ಗೊತ್ತಾಗುವುದಿಲ್ಲ. ವಾಕ್ಯದ ಕೊನೆಯನ್ನು ನುಂಗುತ್ತಾರೆ" ಎಂದಳು. ಅವಳು ನನಗೆ ತಾನಾಗಿ ಹೇಳಿದ ಮೊದಲ ಮಾತೇ ಇದು. ಹೆಡ್‌ಮಾಸ್ಟರ್‌ಗೆ ನಾನಿನ್ನೂ ತಿಳಿಸಿಲ್ಲ.

ಅವಳು ಹೇಳಿದ್ದು ತಾಲೀಮಿನಲ್ಲಿ ನಾನು ಸಾವಿರ ಸಲ ಕೂಗುವ ಮಾತು. ಕನ್ನಡದ ವಾಕ್ಯದ ಜೀವ ಇರುವುದು ಬಾಲದಲ್ಲಿ. "ನಾಳೆ ನಾನು ನಿಮ್ಮ ಮನೆಗೆ" ಎಂಬಷ್ಟನ್ನು ಗಟ್ಟಿಯಾಗಿ ಹೇಳಿ ಕ್ರಿಯಾಪದವನ್ನು ನುಂಗಿದರೆ, ಬರುತ್ತಾನೋ ಬರುವುದಿಲ್ಲವೋ ದೇವರಿಗೇ ಗೊತ್ತು. ಹದಿಹರೆಯದ ಮಕ್ಕಳು ನುಂಗುವುದು ಅದನ್ನೇ. ಶುರು ಮಾಡುವಾಗ ಇರುವ ಉಸಿರು ಕೊನೆ ಮುಟ್ಟುವ ಹೊತ್ತಿಗೆ ಇರುವುದಿಲ್ಲ, ಯಾರಾದರೂ ನಕ್ಕಾರೆಂಬ ಅಂಜಿಕೆ ಬೇರೆ. ಹಾಗಾಗಿ ನಮ್ಮಲ್ಲಿ ಒಬ್ಬರನ್ನು ಮೈದಾನದ ಆ ತುದಿಯ ನೇರಳೆ ಮರದ ಕೆಳಗೆ ನಿಲ್ಲಿಸುತ್ತೇವೆ. ಅವರು ಕೈ ಎತ್ತಿದರೆ ಮಾತು ತಲುಪಿದೆ ಎಂದರ್ಥ. ಕಿರುಚಿದರೆ ಲೆಕ್ಕಕ್ಕಿಲ್ಲ, ಅಕ್ಷರ ಬಿಡಿಬಿಡಿಯಾಗಿ ಕೇಳಿಸಬೇಕು. ಯಾವ ಮೈಕೂ ಕಲಿಸದ ಪಾಠ ಇದು.

ಮಲೆನಾಡಿನವರಿಗೆ ತಾಳಮದ್ದಳೆ ಗೊತ್ತು, ಯಕ್ಷಗಾನದ ಕುಳಿತು ಮಾತಾಡುವ ರೂಪ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯವಾದ ಮೇಲೆ ಅರ್ಥಧಾರಿ ಕುಳಿತಲ್ಲಿಂದಲೇ ಮಾತಾಡಬೇಕು, ಅದೂ ಬರೆದಿಟ್ಟುಕೊಂಡ ಮಾತಲ್ಲ. ಎದುರಿನವನು ಏನು ಕೇಳಿದನೋ ಅದಕ್ಕೆ ಉತ್ತರ. ಹತ್ತನೆಯ ತರಗತಿಯಲ್ಲಿ ಇದನ್ನೊಮ್ಮೆ ಪದ್ಯವಿಲ್ಲದೆ ಆಡಿಸಿದೆ, ವಾಲಿವಧೆ ಪ್ರಸಂಗ. ರಾಮನಾದ ಹುಡುಗ ತಮ್ಮನ ಹೆಂಡತಿಯನ್ನು ಅಪಹರಿಸಿದ ಅಪರಾಧ, ರಾಜಧರ್ಮ ಎಂದೆಲ್ಲ ಅಜ್ಜನಿಂದ ಕೇಳಿ ಉರು ಹೊಡೆದುಕೊಂಡು ಬಂದಿದ್ದ. ವಾಲಿ ಎಲ್ಲವನ್ನೂ ಕೇಳಿಸಿಕೊಂಡು, "ಸರಿ, ತಪ್ಪು ನನ್ನದೇ. ಅದನ್ನು ಹೇಳುವುದಕ್ಕೆ ಮರದ ಮರೆ ಏಕೆ ಬೇಕಾಯಿತು?" ಎಂದ. ರಾಮ ಕಂಗಾಲು. ತರಗತಿ ಉಸಿರು ಬಿಗಿಹಿಡಿಯಿತು, ನಾನೂ ಸುಮ್ಮನಿದ್ದೆ. ಕೊನೆಗೆ ಅವನು ನೆಲ ನೋಡುತ್ತಾ ಹೇಳಿದ: "ಎದುರಿಗೆ ಬಂದಿದ್ದರೆ ನಿನ್ನ ಮಾತನ್ನು ಕೇಳಬೇಕಾಗುತ್ತಿತ್ತು. ಕೇಳಿದ್ದರೆ ಬಾಣ ಬಿಡಲು ಆಗುತ್ತಿರಲಿಲ್ಲ."

ಸಂವಹನ ಕೌಶಲ ಎಂದರೆ ನನಗೆ ನೆನಪಾಗುವುದು ಆ ಅರ್ಧ ನಿಮಿಷದ ಮೌನ. ಹದಿನೈದು ವರ್ಷದ ಹುಡುಗನೊಬ್ಬ ಎದುರಿನವನ ಪ್ರಶ್ನೆಯನ್ನು ನಿಜವಾಗಿ ಕೇಳಿಸಿಕೊಂಡು, ಕಲಿತದ್ದನ್ನು ಬದಿಗಿಟ್ಟು, ತನ್ನ ಮಾತನ್ನು ಹುಡುಕಿದ. ಈಗಿನ ಟಿವಿ ಚರ್ಚೆಗಳಲ್ಲಿ ದೊಡ್ಡವರೇ ಇದನ್ನು ಮಾಡುವುದಿಲ್ಲ, ಬಿಡಿ.

ಬೇಸಿಗೆ ಬಂದರೆ ಪೋಷಕರು ಶಿಬಿರಗಳ ವಿಳಾಸ ಕೇಳುತ್ತಾರೆ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥವು ಸಿಕ್ಕರೆ ಪುಣ್ಯ. ಹತ್ತು ದಿನದಲ್ಲಿ ವ್ಯಕ್ತಿತ್ವ ತಿದ್ದಿ ಕೊಡುತ್ತೇವೆ ಎನ್ನುವವರ ಮೇಲೆ ನನಗೆ ಗುಮಾನಿ. ಎಲ್ಲರೂ ಕೇಳುವ ಎರಡನೆಯ ಪ್ರಶ್ನೆ, "ನಮ್ಮ ಮಗುವಿಗೆ ಯಾವ ಪಾತ್ರ?" ನಾಲ್ಕು ಸಾಲಿನ ಪಾತ್ರ ಎಂದರೆ ಮುಖ ಸಣ್ಣದಾಗುತ್ತದೆ. ಆ ನಾಲ್ಕು ಸಾಲು ಮಗುವಿನದೇ ದನಿಯಲ್ಲಿ ಬರುತ್ತದೆಯೇ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ವಾರ್ಷಿಕೋತ್ಸವಕ್ಕೆ ಹೋಗುವ ಅಪ್ಪ ಅಮ್ಮಂದಿರು ದಯವಿಟ್ಟು ಶಾಲೆಯವರನ್ನು ಇದೊಂದನ್ನು ಕೇಳಿ. ತೊದಲಲಿ, ಮರೆಯಲಿ, ನಡುವೆ ಒಬ್ಬ ನಗಲಿ. ನೋಡಲು ಬರುವವರು ಅವರ ಅಜ್ಜ ಅಜ್ಜಿಯರೇ ತಾನೇ?

ಮರುದಿನ ತಂಗಿಯ ಮನೆಯ ಹಿತ್ತಲಲ್ಲಿ ರಾಣಿಯನ್ನು ಬಾವಿಕಟ್ಟೆಯ ಬಳಿ ನಿಲ್ಲಿಸಿ, ನಿನ್ನೆಯ ಮಾತನ್ನು ಅಡುಗೆಮನೆಯಲ್ಲಿರುವ ಅಜ್ಜಿಗೆ ಕೇಳಿಸುವಂತೆ ಹೇಳು ಎಂದೆ. ಮೊದಲ ಸಲ ಆ ಸ್ಟುಡಿಯೋ ಹೆಂಗಸಿನ ರಾಗವನ್ನೇ ಎಳೆದಳು. ಒಳಗಿನಿಂದ "ಏನಂದೆಯೇ?" ಎಂದು ಕೇಳಿಸಿತು. ಎರಡನೆಯ ಸಲ ಕಿರುಚಿದಳು. "ಯಾರು ಮಲಗಬಾರದು?" ಎಂದು ಅಜ್ಜಿ ಮತ್ತೆ ಕೇಳಿದರು. ಮೂರನೆಯ ಸಲ ಹುಡುಗಿ ಉಸಿರೆಳೆದುಕೊಂಡು, ಒಂದೊಂದೇ ಪದವನ್ನು ಕೊನೆ ಮುಟ್ಟಿಸಿ ಹೇಳಿದಳು: "ನನ್ನ ರಾಜ್ಯದಲ್ಲಿ ಯಾರೂ ಹಸಿದು ಮಲಗಬಾರದು!"

"ಹಾಗಾದರೆ ಮೊದಲು ನೀನು ಊಟಕ್ಕೆ ಬಾ" ಎಂದರು ಅಜ್ಜಿ.