ಮೈಕ್ ಹಿಡಿಯಬೇಕಾದ್ದು ಯಾರ ಮುಂದೆ?

ಮಗನನ್ನು ಕಳೆದುಕೊಂಡ ತಾಯಿ ಶವಾಗಾರದ ಮುಂದೆ ಕುಸಿದು ಕೂತಿರುತ್ತಾಳೆ, ಟಿವಿಯವರು ಆಕೆಯ ಮುಖಕ್ಕೇ ಮೈಕ್ ಹಿಡಿದು ‘ಏನನ್ನಿಸ್ತಿದೆ ಅಮ್ಮಾ?’ ಅಂತ ಕೇಳುತ್ತಾರೆ. ಕೆಳಗೆ ಕೆಂಪು ಪಟ್ಟಿಯಲ್ಲಿ ಬ್ರೇಕಿಂಗ್ ನ್ಯೂಸ್. ಮೈಯೆಲ್ಲ ಉರಿಯುತ್ತದೆ ನನಗೆ. ತಪ್ಪು ಅಂದರೆ ಪತ್ರಿಕಾ ಸ್ವಾತಂತ್ರ್ಯ ಅಂತಾರೆ. ಸಂವಿಧಾನದಲ್ಲಿ ಪತ್ರಿಕೆಗೆ ಅಂತ ಬೇರೆ ಹಕ್ಕೇ ಬರೆದಿಲ್ಲ, 19(1)(ಎ) ವಿಧಿಯಲ್ಲಿ ನಮಗೆಲ್ಲ ಇರುವ ಮಾತಿನ ಹಕ್ಕೇ ಅವರಿಗೂ ಇರೋದು. 2021ರ ಮಾರ್ಚ್‌ನಲ್ಲಿ ರಾಜ್ಯದ ಆರು ಸಚಿವರು ತಮ್ಮ ಬಗ್ಗೆ ಮಾನಹಾನಿ ಸುದ್ದಿ ಬರಬಾರದು ಅಂತ ಬೆಂಗಳೂರಿನ ಕೋರ್ಟಿನಿಂದ ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರಲ್ಲ, ಟಿವಿಯವರೇ, ಅದರ ಬಗ್ಗೆ ನೀವು ಎಷ್ಟು ದಿನ ಚರ್ಚೆ ಮಾಡಿದಿರಿ ಹೇಳಿ? ಟೆಂಡರ್, ಕಮಿಷನ್, ಹಾಳಾದ ರಸ್ತೆ ಬಗ್ಗೆ ಮಂತ್ರಿಗಳನ್ನು ಅಡ್ಡಗಟ್ಟಿ ಜೋರಾಗಿ ಕೇಳಿ. ಆಗ ಯಾರಾದರೂ ನಿಮ್ಮ ಬಾಯಿ ಮುಚ್ಚಿಸಲು ಬಂದರೆ ನಾವು ನಿಮ್ಮ ಪರ ನಿಲ್ಲುತ್ತೇವೆ.