ಮಂಡಿಯಲ್ಲಿ ತೆಲುಗು ಕಲಿತವರಿಗೆ ಇಂಗ್ಲಿಷ್‌ಗೆ ಮಾತ್ರ ಪಟ್ಟಿ ಯಾಕೆ?

ಹೋದ ತಿಂಗಳು ಬಂಗಾರಪೇಟೆಯಿಂದ ಅಕ್ಕನ ಮಗ ವಿಡಿಯೊ ಕಾಲ್ ಮಾಡಿದ್ದ. ಪಿಯುಸಿ ಓದುತ್ತಿದ್ದಾನೆ, ಚುರುಕು ಹುಡುಗ. "ಮಾಮ, ಇಡಿಯಮ್ಸ್ ಎಲ್ಲ ಬಾಯಿಗೆ ಬಂತು, ಕೇಳ್ತೀಯಾ?" ಎಂದವನೇ ಒಪ್ಪಿಸತೊಡಗಿದ. ಎ ಬೋಲ್ಟ್ ಫ್ರಮ್ ದಿ ಬ್ಲೂ, ಎ ವೈಟ್ ಎಲಿಫೆಂಟ್, ಎ ವೈಲ್ಡ್ ಗೂಸ್ ಚೇಸ್... ಒಂದೊಂದಕ್ಕೂ ಬೆನ್ನಿಗೇ ಕನ್ನಡದ ಅರ್ಥ. ಎಲ್ಲೂ ತಡವರಿಸಲಿಲ್ಲ. ಖುಷಿಯಾಗಿ, "ಸರಿ, ಇವತ್ತು ಮಂಡಿಯಲ್ಲಿ ಟೊಮೆಟೊ ರೇಟು ಏನಾಯ್ತು, ಇಂಗ್ಲಿಷ್‌ನಲ್ಲಿ ಹೇಳು ನೋಡೋಣ" ಎಂದೆ. ಅವರಪ್ಪ ಬೆಳಗ್ಗೆ ತಾನೇ ಮಾಲು ಹಾಕಿ ಬಂದಿದ್ದರು. ರೇಟು ಎಷ್ಟಿತ್ತು, ಯಾಕೆ ಬಿತ್ತು, ಎಲ್ಲವೂ ಹುಡುಗನಿಗೆ ಗೊತ್ತು. ಆದರೆ ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. "ಅದು ಸಿಲಬಸ್‌ನಲ್ಲಿ ಇಲ್ಲ ಮಾಮ" ಅಂದ.

ಆ ಮಾತು ಚುಚ್ಚಿದ್ದು ಇನ್ನೂ ಹೋಗಿಲ್ಲ. ಯಾಕೆಂದರೆ ನಮ್ಮ ಕೋಲಾರ ಜಿಲ್ಲೆಯವರಿಗೆ ಭಾಷೆ ಕಲಿಯುವುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಕೆಜಿಎಫ್ ಬಸ್ಸು ಹತ್ತಿದರೆ ತಮಿಳು, ಸಂತೆಯಲ್ಲಿ ಉರ್ದು. ನಮ್ಮಪ್ಪನಿಗೆ ತೆಲುಗಿನ ಒಂದಕ್ಷರ ಓದಲು ಬಾರದು. ಆದರೂ ಎಪಿಎಂಸಿಯಲ್ಲಿ ಆಂಧ್ರದ ವ್ಯಾಪಾರಿ ಎದುರು ನಿಂತರೆ ತೆಲುಗು ಗಾದೆ ಸಮೇತ ಜಗ್ಗಾಡುತ್ತಾರೆ. ಒಂದು ಮಾತು ಅರ್ಥವಾಗದಿದ್ದರೆ "ಅಂಟೇ ಏಮಿ?" ಎಂದು ಅಲ್ಲೇ ಕೇಳುತ್ತಾರೆ, ಮರುದಿನದ ಹರಾಜಿನಲ್ಲಿ ಅದನ್ನೇ ಬಿಡುತ್ತಾರೆ. ಯಾರೂ ನಗುವುದಿಲ್ಲ. ಅದೇ ಮನೆಯ ಮಕ್ಕಳು ಇಂಗ್ಲಿಷ್ ಅಂದ ಕೂಡಲೇ ಕಿವಿ ಮುಚ್ಚಿ ಪುಸ್ತಕ ತೆರೆಯುತ್ತಾರೆ. ಇದು ನನಗೆ ಅರ್ಥವೇ ಆಗುವುದಿಲ್ಲ.

ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್‌ನಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಪೋಲೆಂಡಿನ ವೆಲ್ಡರ್ ಒಬ್ಬ ಇದ್ದಾನೆ. ಬಂದಾಗ ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬಸ್ಸಿನಲ್ಲಿ ಪುಕ್ಕಟೆ ಸಿಗುವ 'ಮೆಟ್ರೊ' ಪತ್ರಿಕೆ ತರುತ್ತಿದ್ದ. ಯಾವುದೋ ಒಂದು ಹೆಡ್‌ಲೈನ್‌ಗೆ ಬಾಲ್‌ಪೆನ್ನಿನಲ್ಲಿ ಸುತ್ತು ಹಾಕಿರುತ್ತಿತ್ತು. ಟೀ ಹೊತ್ತಿಗೆ ಅದನ್ನು ಮೇಜಿನ ಮೇಲೆ ಹರಡಿ, ಮಸಿ ಹತ್ತಿದ ಬೆರಳನ್ನು ಆ ಪದದ ಮೇಲಿಟ್ಟು, ಎದುರಿಗೆ ಯಾರಿದ್ದರೆ ಅವರನ್ನು ಕೇಳುವನು. ಅದು ಬ್ರೆಕ್ಸಿಟ್ ಕಾಲ. 2016ರ ಜನಮತಗಣನೆಯಿಂದ 2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬೀಳುವವರೆಗೆ ಪತ್ರಿಕೆ ತುಂಬ 'ಕಿಕ್ಕಿಂಗ್ ದಿ ಕ್ಯಾನ್ ಡೌನ್ ದಿ ರೋಡ್' (ತೀರ್ಮಾನವನ್ನು ಮುಂದಕ್ಕೆ ತಳ್ಳುತ್ತಲೇ ಇರುವುದು), 'ಕ್ಲಿಫ್ ಎಡ್ಜ್', 'ರೆಡ್ ಲೈನ್' ಇವೇ ಮಾತು. ಒಮ್ಮೆ ಓವರ್‌ಟೈಮ್ ಲೆಕ್ಕವನ್ನು ಮ್ಯಾನೇಜರ್ ಮತ್ತೆ ಮುಂದಿನ ವಾರಕ್ಕೆ ತಳ್ಳಿದಾಗ ಇವನು ಎದ್ದು ನಿಂತು, ನೀವೂ ಕ್ಯಾನ್ ಒದೀತಾ ಇದ್ದೀರಲ್ಲ ಎಂದುಬಿಟ್ಟ. ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಮ್ಯಾನೇಜರೂ ನಕ್ಕರು. ಆ ಮಾತನ್ನು ಅವನು ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಇದಕ್ಕಿಂತ ನನಗೆ ಹಿಡಿಸಿದ್ದು ಇಲ್ಲೇ ಹುಟ್ಟಿ ಬೆಳೆದವರು ಕೇಳುವ ರೀತಿ. 2019ರಲ್ಲಿ ಬೋರಿಸ್ ಜಾನ್ಸನ್ ಸರ್ಕಾರ ಪಾರ್ಲಿಮೆಂಟನ್ನು 'ಪ್ರೊರೋಗ್' ಮಾಡಿಸಿತು, ಅಂದರೆ ಅಧಿವೇಶನಕ್ಕೆ ತಾತ್ಕಾಲಿಕವಾಗಿ ತೆರೆ ಎಳೆಯಿತು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಅದು ಕಾನೂನುಬಾಹಿರ ಎಂದರು. ಟೀ ಕೋಣೆಯ ರೇಡಿಯೊದಲ್ಲಿ ಆ ತೀರ್ಪು ಬರುತ್ತಿದ್ದಾಗ ನಮ್ಮ ಫೋರ್‌ಮನ್, ಅಪ್ಪಟ ಇಂಗ್ಲಿಷಿನವರು, 'ಪ್ರೊರೋಗ್' ಅಂದರೇನು ಎಂದು ಎಲ್ಲರೆದುರು ಕೇಳಿದರು. ಮರುವರ್ಷ ಕೊರೊನಾ ಹೊತ್ತಿನಲ್ಲಿ, ಮಾರ್ಚ್ 20ರಂದು 'ಫರ್ಲೋ' ಘೋಷಣೆಯಾಯಿತು. ಕೆಲಸವಿಲ್ಲದೆ ಮನೆಯಲ್ಲಿ ಕೂತವರಿಗೆ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮೀರದಂತೆ, ಸರ್ಕಾರವೇ ಭರಿಸುವ ಯೋಜನೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಕೈದಿಗಳಿಗೆ ಕೊಡುವ ರಜೆಗೆ ಈ ಪದ ಬಳಸುತ್ತಾರೆ ಎಂದು ನಾನು ಹೇಳಿದೆ. ಒಬ್ಬರಾದರೂ ಗೊತ್ತಿಲ್ಲ ಎನ್ನಲು ನಾಚಲಿಲ್ಲ. ಇಂಗ್ಲಿಷ್ ತಮ್ಮದೇ ಆದವರು ಹೀಗೆ ಕೇಳಿ ಕಲಿಯುವಾಗ, ಗೊತ್ತಿಲ್ಲ ಅಂದರೆ ಮಾನ ಹೋಯಿತು ಎಂಬಂತೆ ನಮ್ಮ ಮಕ್ಕಳನ್ನು ಬೆಳೆಸಿದ್ದೇವಲ್ಲ ಎಂದು ಸಂಕಟವಾಗುತ್ತದೆ.

ಹುಡುಗನ ಪಟ್ಟಿಯಲ್ಲಿ ಮಳೆಗೆ 'ಕ್ಯಾಟ್ಸ್ ಅಂಡ್ ಡಾಗ್ಸ್' ಇತ್ತು. ಮಳೆಗೇ ಹೆಸರಾದ ಈ ಊರಲ್ಲಿ ಯಾರೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ. 'ಚಕಿಂಗ್ ಇಟ್ ಡೌನ್' ಅನ್ನುತ್ತಾರೆ. ಇರಲಿ.

ಕೇಳಿ ಕಲಿಯುವುದು ನಮಗೆ ಆಗದ ಕೆಲಸವೇನೂ ಅಲ್ಲ. ಅದೇ 2020ರಲ್ಲಿ ಮುಳಬಾಗಿಲು ತಾಲ್ಲೂಕಿನ ನಮ್ಮೂರಿಂದ ಅಮ್ಮ ಫೋನ್ ಮಾಡಿ, "ಹಿಂದಿನ ಬೀದಿ ಸೀಲ್‌ಡೌನ್ ಆಗೈತೆ, ಅವರ ಮನೇವ್ರೆಲ್ಲ ಹೋಮ್ ಕ್ವಾರಂಟೈನು, ನೆಗೆಟಿವ್ ಬಂದ್ರೂ ಈಚೆ ಬರಂಗಿಲ್ಲ" ಎಂದಳು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಟಿವಿ ಸುದ್ದಿ ಕೇಳಿದಳು, ಆಶಾ ಕಾರ್ಯಕರ್ತೆ ಹೇಳಿದ್ದು ಕೇಳಿದಳು, ಬೇಕಾಗಿತ್ತು, ಬಂತು. ಒಂದು ಪದವನ್ನೂ ತಪ್ಪು ಜಾಗದಲ್ಲಿ ಇಡಲಿಲ್ಲ.

2023ರ ಜುಲೈ ನೆನಪಿಸಿಕೊಳ್ಳಿ. ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿತು. ಉತ್ತರ, ಪೂರ್ವ ಭಾರತದ ಹಲವು ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಬರ್ಗರ್‌ನಿಂದ ಟೊಮೆಟೊ ತೆಗೆದವು. ಆ ಸುದ್ದಿ ಸ್ಟಾಕ್‌ಪೋರ್ಟ್‌ನ ಟೀ ಕೋಣೆಗೂ ಬಂದು, ನಿಮ್ಮೂರಿನ ಬೆಳೆಯಂತಲ್ಲ ಎಂದು ನನ್ನನ್ನು ಕೇಳಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ದರ ಏರಿದಾಗ 'ಸ್ಕೈರಾಕೆಟ್', 'ಸೋರ್'. ದರ ಬಿದ್ದು ರೈತ ಬೆಳೆಯನ್ನು ರಸ್ತೆಗೆ ಸುರಿದಾಗ 'ಗ್ಲಟ್', 'ಡಿಸ್ಟ್ರೆಸ್ ಸೇಲ್'. ಇವೆಲ್ಲ ನಮ್ಮ ಹೊಲದ ಮೇಲೆ, ನಮ್ಮಪ್ಪಂದಿರ ಸಾಲದ ಮೇಲೆ ಬರೆದ ಮಾತುಗಳು. ಆ ಒಂದು ಪುಟ ಕತ್ತರಿಸಿ ತರಗತಿಗೆ ತಂದರೆ, ಮಕ್ಕಳು ಮೇಷ್ಟರಿಗೇ ಟೊಮೆಟೊ ವಿಷಯ ತಿಳಿಸುತ್ತಾರೆ, ಇಂಗ್ಲಿಷ್ ತಾನಾಗಿ ಹಿಂದೆ ಬರುತ್ತದೆ. ಮುಳಬಾಗಿಲಿನಲ್ಲೇ ಹುಟ್ಟಿದ ಡಿವಿಜಿ ಮೆಟ್ರಿಕ್ ದಾಟಲಿಲ್ಲ. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆಯನ್ನೇ ಹೊರಡಿಸಿದರು. ಸುದ್ದಿಯ ಕೆಲಸ ಅವರಿಗೆ ಕಲಿಸಿದ್ದನ್ನು ಯಾವ ಪಟ್ಟಿ ಕಲಿಸೀತು?

ಪತ್ರಿಕೆಯ ಇಂಗ್ಲಿಷ್ ಮೊದಮೊದಲು ಕಷ್ಟವೇ, ಒಪ್ಪುತ್ತೇನೆ. ಅದಕ್ಕೂ ದಾರಿ ಯಾವತ್ತೋ ಆಗಿದೆ. ವಾಯ್ಸ್ ಆಫ್ ಅಮೆರಿಕ 1959ರಲ್ಲೇ ಸುಮಾರು 1,500 ಪದಗಳ ಮಿತಿಯಲ್ಲಿ, ನಿಧಾನವಾಗಿ ಸುದ್ದಿ ಓದಲು ಶುರುಮಾಡಿತ್ತು. ಇಂದು ಅಂಥ ನಿಧಾನದ ಸುದ್ದಿ ಹಾಲಿನ ಡೇರಿಯ ಸಾಲಿನಲ್ಲಿ ನಿಂತವನ ಮೊಬೈಲಿನಲ್ಲೂ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ಮೇಷ್ಟರ ಪರವಾಗಿಯೂ ಒಂದು ಮಾತು ಹೇಳಬೇಕು, ಹೇಳಲು ಅಷ್ಟು ಮನಸ್ಸಿಲ್ಲದಿದ್ದರೂ. ತೆಲುಗು ನಮ್ಮ ಮಂಡಿಯಲ್ಲಿ ಕಿವಿಗೆ ಬೀಳುತ್ತದೆ, ಇಂಗ್ಲಿಷ್ ಬೀಳುವುದಿಲ್ಲ. ಊರಿಗೆ ಇಂಗ್ಲಿಷ್ ಪತ್ರಿಕೆ ಬರುವುದಿಲ್ಲ. ನನ್ನ ಕಾಲಕ್ಕೆ ಐದನೇ ತರಗತಿಯಲ್ಲಿ ಎಬಿಸಿಡಿ. ಅಲ್ಲಿಂದ ಎಸ್ಸೆಸ್ಸೆಲ್ಸಿ ದಾಟಿಸಬೇಕಾದ ಮೇಷ್ಟರು ಪಟ್ಟಿ ಬಿಟ್ಟು ಇನ್ನೇನು ಕೊಡಬಹುದಿತ್ತು? ನಮ್ಮ ವೆಲ್ಡರ್ ಕಳೆದ ವರ್ಷ ಬಡ್ತಿಗೆ ಅರ್ಜಿ ಹಾಕುವಾಗ ಕಾಗದ ಹಿಡಿದು ನನ್ನ ಹತ್ತಿರವೇ ಬಂದ. ದಿನವಿಡೀ ಇಂಗ್ಲಿಷ್ ಹರಟುವವನಿಗೆ ಬರೆಯಲು ಕೂತರೆ ಕ್ರಿಯಾಪದ ಒಂದೂ ಕಾಲಕ್ಕೆ ಹೊಂದುತ್ತಿರಲಿಲ್ಲ. ಅದನ್ನೆಲ್ಲ ತಿದ್ದಿದ್ದು, ಮುಳಬಾಗಿಲಿನ ಸರ್ಕಾರಿ ಶಾಲೆಯಲ್ಲಿ ಬೆತ್ತ ಹಿಡಿದು ಟೆನ್ಸ್ ಒಪ್ಪಿಸಿಕೊಂಡ ಆ ಮೇಷ್ಟರ ಪಾಠವೇ. ಆದರೆ ಅವರು ಇಂಗ್ಲಿಷ್‌ನಲ್ಲಿ ಒಂದು ವಾಕ್ಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರೊಂದಿಗೆ ಇಂಗ್ಲಿಷ್ ಮಾತಾಡುವವರು ಊರಲ್ಲಿ ಯಾರಿದ್ದರು? ಅದಕ್ಕೇ, ಟೊಮೆಟೊ ಸುದ್ದಿಯ ಆ ಪುಟ ಮಕ್ಕಳ ಕೈಗೆ ಹೋಗುವ ಮೊದಲು ಸ್ಟಾಫ್ ರೂಮಿನ ಮೇಜಿಗೆ ಹೋಗಲಿ ಎಂದು ನಾನು ಕೇಳುತ್ತಿರುವುದು.