ಮೋಟ್ರು ಗಾಳಿ ಎಳೀತಿದೆ

ಚಿಕ್ಕವನಿದ್ದಾಗ ಜಾತ್ರೆಲಿ ತಗೊಂಡ ಪ್ಲಾಸ್ಟಿಕ್ ಮೌತ್ ಆರ್ಗನ್ ಊದಿದ್ದೆನಲ್ಲ, ಆ ಧೈರ್ಯದ ಮೇಲೆ 46ನೇ ವಯಸ್ಸಲ್ಲಿ ಕ್ರೊಮ್ಯಾಟಿಕ್ ಹಾರ್ಮೋನಿಕಾ ತರಿಸ್ಬಿಟ್ಟೆ. ಪಾರ್ಸಲ್ ಬಿಚ್ಚಿದ ತಕ್ಷಣ ನಮ್ಮನೆಯವಳು, "ರೀ, ಇಷ್ಟು ದುಡ್ಡಿಗೆ ಇಷ್ಟೇನಾ?" ಅಂದ್ಳು. "ಇಷ್ಟೇ ಅಂದ್ರೆ? 12 ತೂತು, 48 ರೀಡು ಕಣೇ" ಅಂದೆ. "ಓ, ತೂತಿಗೂ ದುಡ್ಡು ಕೊಟ್ರಾ" ಅಂತ ಒಳಗೆ ಹೋದ್ಲು.

ಗೊತ್ತಿಲ್ಲದವರಿಗೆ ಹೇಳ್ಬಿಡ್ತೀನಿ. ರೀಡು ಅಂದ್ರೆ ಗಾಳಿ ತಾಗಿದ್ರೆ ನಡುಗಿ ಸ್ವರ ಕೊಡೋ ಪುಟ್ಟ ಲೋಹದ ನಾಲಿಗೆ. ಒಂದೇ ತೂತಲ್ಲಿ ಊದಿದ್ರೆ ಒಂದು ಸ್ವರ, ಉಸಿರು ಎಳ್ಕೊಂಡ್ರೆ ಇನ್ನೊಂದು. ಬಲಗಡೆ ತುದೀಲಿ ಒಂದು ಬಟನ್ ಇರುತ್ತೆ, ಅದನ್ನ ಒತ್ತಿದ್ರೆ ಎರಡೂ ಅರ್ಧರ್ಧ ಸ್ವರ ಮೇಲಕ್ಕೆ ಹೋಗ್ತವೆ, ಅಂದ್ರೆ ಒಂದು ತೂತಿಗೆ ನಾಲ್ಕು ರೀಡು, ಹಾರ್ಮೋನಿಯಂನ ಕರಿ ಕೀಗಳೆಲ್ಲ ಆ ಬಟನ್ ಹಿಂದೆ ಅಡಗಿ ಕೂತಿವೆ ಅನ್ಕೊಳಿ. ಕೇಳಕ್ಕೆ ಸುಲಭ. ಬಾಯಿ, ಉಸಿರು, ತೋರುಬೆರಳು ಮೂರೂ ಒಂದೇ ಟೈಮಿಗೆ ಒಂದೇ ಮಾತು ಕೇಳ್ಬೇಕು ಅಷ್ಟೆ. ನಮ್ಮನೇಲಿ ಮೂರು ಜನಾನೇ ಹಂಗೆ ಯಾವತ್ತೂ ಕೇಳಿಲ್ಲ.

ಮಗಳು ಸಂಗೀತ ಕ್ಲಾಸಿಗೆ ಹೋಗ್ತಾಳೆ, ಸರಳೆ ವರಸೆ ಮುಗಿಸಿ ಜಂಟಿ ವರಸೆಲಿದಾಳೆ, ಹಂಗಾಗಿ ಅವಳೇ ನನ್ನ ಗುರು. "ಅಪ್ಪ, ಮೊದ್ಲು ಮಾಯಾಮಾಳವಗೌಳ ರಾಗ, ಪುರಂದರದಾಸರು ಹಾಕಿಕೊಟ್ಟ ದಾರಿ" ಅಂದ್ಲು. ಸರಿ ಅಂತ ಲೆಕ್ಕ ಹಾಕ್ದೆ. ಸ ಒಂದನೇ ತೂತು ಊದೋದು, ರಿ ಅದೇ ತೂತು ಬಟನ್ ಒತ್ತಿ ಊದೋದು, ಗ ಎರಡನೇದು ಊದೋದು, ಮ ಎಳೆಯೋದು, ಪ ಮೂರನೇದು ಊದೋದು, ದ ಬಟನ್ ಒತ್ತಿ ಊದೋದು, ನಿ ನಾಲ್ಕನೇದು ಎಳೆಯೋದು, ಮೇಲಿನ ಸ ಮತ್ತೆ ಊದೋದು. ಎಂಟರಲ್ಲಿ ಆರು ಖರ್ಚು, ಎರಡೇ ಜಮಾ! ನನ್ನ ಸಂಬಳದ ಅಕೌಂಟ್ ಥರಾನೇ. ಎರಡನೇ ಕಾಲಕ್ಕೆ, ಅಂದ್ರೆ ಡಬಲ್ ಸ್ಪೀಡಿಗೆ, ಬರೋ ಹೊತ್ತಿಗೆ ಒಳಗೆ ಗಾಳಿನೇ ಇಲ್ಲ, ಕಣ್ಮುಂದೆ ಮಂಜು. 1930 ಮೀಟರ್ ಮುಳ್ಳಯ್ಯನಗಿರಿ ಹತ್ತಿದಾಗ್ಲೂ ಹಿಂಗೆ ತಲೆ ಸುತ್ತಿರಲಿಲ್ಲ, ಮುಕ್ಕಾಲು ಭಾಗ ಕಾರಲ್ಲೇ ಹತ್ತಿದ್ದು ಅನ್ನೋದು ಬೇರೆ ವಿಷಯ ಬಿಡಿ. ಬಟನ್ ಒತ್ತೋದು ಮರೆತ್ರೆ ಇನ್ನೂ ಮಜಾ, ಸ ಸ ಗ ಮ ಪ ಪ ನಿ ಸ ಅಂತ ಬರುತ್ತೆ. ಗುರುಗಳು ಕಿವಿ ಮುಚ್ಕೊಂಡು "ಅಪ್ಪ, ಇದು ಯಾವ ರಾಗ?" ಅಂತಾಳೆ.

ಇನ್ನು ನಮ್ಮ ಚಿಕ್ಕಮಗಳೂರಿನ ಚಳಿ. ರೀಡ್‌ಗಳ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಪಟ್ಟಿ ಅಂಟಿಸಿರ್ತಾರೆ, ಗಾಳಿ ಸೋರದೆ ಇರ್ಲಿ ಅಂತ. ಡಿಸೆಂಬರ್ ಬೆಳಗ್ಗೆ ಆರಕ್ಕೆ ತಣ್ಣಗಿರೋ ವಾದ್ಯಕ್ಕೆ ಬಿಸಿ ಉಸಿರು ಬಿಟ್ರೆ ಒಳಗೆಲ್ಲ ಬೆವರು, ಪಟ್ಟಿ ಅಂಟ್ಕೊಳತ್ತೆ, ಸ್ವರದ ಬದಲು ಗೊರಗೊರ ಸದ್ದು ಬರುತ್ತೆ. ಊದೋಕೆ ಮುಂಚೆ ಮೈ ಶಾಖಕ್ಕೆ ಬೆಚ್ಚಗೆ ಮಾಡ್ಬೇಕು. ಅಂಗೈಲಿ ಹತ್ತು ನಿಮಿಷ ಹಿಡ್ಕೊಂಡಿದ್ರೆ ಸಾಕು, ನಂಗೆ ತಾಳ್ಮೆ ಎಲ್ಲಿ? ಬಟ್ಟೆ ಸುತ್ತಿ ಹಾಟ್‌ಬಾಕ್ಸಲ್ಲಿ ಬಿಸಿ ಅಕ್ಕಿರೊಟ್ಟಿ ಮೇಲೆ ಇಟ್ಟೆ. ಬೆಚ್ಚಗಾಯ್ತು ನಿಜ, ಆದ್ರೆ ಒಂದು ವಾರ ಸ ಅಂದ್ರೆ ಸಬ್ಬಸಿಗೆ, ನಿ ಅಂದ್ರೆ ನೀರುಳ್ಳಿ.

ಬಾಯಿ ಮುಕ್ಕಳಿಸದೆ ಊದಬಾರದು ಅಂತಾನೂ ನಿಯಮ ಇದೆ. ಕಾಫಿ ಸೀಮೆಲಿ ಹುಟ್ಟಿದವನು ಕಾಫಿಗೂ ಊದೋದಕ್ಕೂ ಮಧ್ಯೆ ಬಾಯಿ ತೊಳೀಬೇಕಂತೆ! ಕೇಳ್ಲಿಲ್ಲ. ಒಂದು ಸಂಜೆ ಕಾಫಿ ಜೊತೆ ಚಕ್ಕುಲಿ ತಿಂದು ಹಂಗೇ ಕೂತೆ, ನಿ ಮಾಯ. ಎಳೆದ್ರೆ ಎದೆ ನೋವು ಬರುತ್ತೆ, ನಿ ಬರಲ್ಲ. ಸ್ಕ್ರೂ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದ್ರೆ ಚಕ್ಕುಲಿಯ ಒಂದೇ ಒಂದು ಎಳ್ಳು ರೀಡಿಗೆ ಸಿಕ್ಕಾಕ್ಕೊಂಡಿದೆ. ನಾಲ್ಕನೇ ತೂತಿಗೆ ಎಳ್ಳುನೀರು ಬಿಟ್ಟಾಗಿತ್ತು, ನೀರು ನನ್ನ ಎಂಜಲಿಂದೇ. ಹಲ್ಲುಕಡ್ಡಿಲಿ ಉಸಿರು ಬಿಗಿಹಿಡಿದು ತೆಗೆದೆ. ಒಂದು ಸ್ಕ್ರೂ ಸೋಫಾ ಕೆಳಗೆ ಹೋಗಿದ್ದು ಇನ್ನೂ ಸಿಕ್ಕಿಲ್ಲ, ಅಲ್ಲೊಂದು ರಬ್ಬರ್ ಬ್ಯಾಂಡ್ ಹಾಕಿದೀನಿ.

ಇಷ್ಟಾದ್ಮೇಲೆ ಹಾಲಿಂದ ನನ್ನನ್ನ ಓಡಿಸಿದ್ರು. ಬಚ್ಚಲುಮನೆ ಸೇರ್ಕೊಂಡೆ, ಅಲ್ಲಿ ಸ್ವಲ್ಪ ಗುಂಯ್ ಅನ್ನುತ್ತಲ್ಲ, ನನ್ನ ಸ್ವರ ನಂಗೇ ಚೆನ್ನಾಗ್ ಕೇಳ್ಸುತ್ತೆ. ಮೂರನೇ ದಿನಕ್ಕೆ ಪಕ್ಕದ್ಮನೆ ಆಂಟಿ ಕಾಂಪೌಂಡ್ ಮೇಲಿಂದ ನಮ್ಮನೆಯವಳಿಗೆ, "ನಿಮ್ಮ ಮೋಟ್ರು ಗಾಳಿ ಎಳೀತಿದೆ ಕಣಮ್ಮಾ, ಬೆಳಗ್ಗೆ ಬೆಳಗ್ಗೆ ಒಂಥರಾ ಸದ್ದು, ಸುಟ್ಟೋಗೋ ಮುಂಚೆ ತೋರಿಸ್ಬಿಡಿ" ಅಂದ್ರಂತೆ. ಇವಳು ಮರ್ಯಾದೆ ಬಿಟ್ಟು ಎಲ್ಲಾ ಹೇಳಿದಾಳೆ. ಅವತ್ತಿಂದ ಆಂಟಿ ನನ್ನ ಕಂಡ್ರೆ ಮುಖ ಸಣ್ಣಗೆ ಮಾಡ್ಕೊಂಡು ನಗ್ತಾರೆ, ಕಾಯಿಲೆ ಬಿದ್ದವರನ್ನ ನೋಡಿ ನಗ್ತಾರಲ್ಲ, ಹಂಗೆ.

ಮೊನ್ನೆ ಭಾನುವಾರ ಹಾಲು ತರಕ್ಕೆ ಹೋಗಿದ್ದೆ, ದಾರೀಲಿ ಯಾರೋ ಸಿಕ್ಕಿ ಮಾತಾಡ್ತಾ ಮುಕ್ಕಾಲು ಗಂಟೆ ಆಯ್ತು. ವಾಪಸ್ ಬರೋವಾಗ ಆಂಟಿ ಗೇಟಲ್ಲೇ ನಿಂತಿದ್ರು. "ಇವತ್ತು ಪರವಾಗಿಲ್ಲ ಕಣ್ರೀ, ಒಂದೇ ಸ್ವರ ಎಷ್ಟೊತ್ತು ಹಿಡಿದ್ರಿ, ಎಲ್ಲೂ ಅಲುಗಾಡ್ಲಿಲ್ಲ" ಅಂದ್ರು. ನಂಗೆ ಖುಷಿಯಾಗಿ, "ಥ್ಯಾಂಕ್ಸ್ ಆಂಟಿ, ಏನೋ ನಿಮ್ಮ ಆಶೀರ್ವಾದ" ಅಂದು ನಾಲ್ಕು ಹೆಜ್ಜೆ ಮುಂದೆ ಹೋದ್ಮೇಲೆ ನೆನಪಾಯ್ತು, ಮೋಟ್ರು ಹಾಕಿ ಬಂದಿದ್ದೆ, ಸಂಪಲ್ಲಿ ನೀರು ಎಷ್ಟಿದೆ ಅಂತ ನೋಡಿರಲಿಲ್ಲ.

ರಿವೈಂಡಿಂಗ್ ಅಂಗಡಿಯವನು ಬುಧವಾರ ಕೊಡ್ತೀನಿ ಅಂದಿದಾನೆ.